ಎಂಜಿನ್ ದೀಪದ ಹಿಂದೆ ಪೆಟ್ರೋಲ್ ಆವಿ: ದೋಷ ಪತ್ತೆ ಹೇಗೆ, ದುರಸ್ತಿ ಹೇಗೆ?

ಎಂಜಿನ್ ಎಂದಿನಂತೆಯೇ ಓಡುತ್ತಿದೆ. ಎಳೆತದಲ್ಲಿ ಕೊರತೆಯಿಲ್ಲ, ಮೈಲೇಜಿನಲ್ಲೂ ವ್ಯತ್ಯಾಸವಿಲ್ಲ. ಆದರೂ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಆಕಾರದ ಹಳದಿ ದೀಪ ಆರುತ್ತಿಲ್ಲ. ಇಂಥ ಸಂದರ್ಭಗಳಲ್ಲಿ ದೋಷ ಎಂಜಿನ್ನಿನಲ್ಲಿಯೇ ಇರಬೇಕೆಂದಿಲ್ಲ. ಪೆಟ್ರೋಲ್ ಟ್ಯಾಂಕಿನಿಂದ ಏಳುವ ಆವಿಯನ್ನು ಹಿಡಿದಿಟ್ಟು ಎಂಜಿನ್ನಿಗೆ ಒಯ್ಯುವ ವ್ಯವಸ್ಥೆಯಲ್ಲಿ ಬಿರುಕು ಬಿಟ್ಟ ಕೊಳವೆ, ಕೆಟ್ಟ ವಾಲ್ವ್ ಅಥವಾ ಸರಿಯಾಗಿ ಕೂರದ ಮುಚ್ಚಳ ಇದಕ್ಕೆ ಕಾರಣವಾಗಿರಬಹುದು.

ಮೆಕ್ಯಾನಿಕ್‌ಗಳ ಬಾಯಲ್ಲಿ ‘ಇವ್ಯಾಪ್’ ಎಂದೇ ಪ್ರಚಲಿತವಾಗಿರುವ ಈ ಆವಿ ನಿಯಂತ್ರಣ ವ್ಯವಸ್ಥೆಯ ಬಗ್ಗೆ ಕಾರು ಮಾಲೀಕರಿಗೆ ತಿಳಿದಿರುವುದು ಕಡಿಮೆ. ದೋಷ ಕಾಣಿಸಿಕೊಂಡಾಗ ಅಂದಾಜಿನ ಮೇಲೆ ಒಂದೊಂದೇ ಬಿಡಿಭಾಗವನ್ನು ಬದಲಿಸುತ್ತಾ ಹೋದರೆ ಸಾವಿರಾರು ರೂಪಾಯಿ ವ್ಯರ್ಥವಾಗುತ್ತದೆ. ದೋಷವನ್ನು ಹಾಗೆಯೇ ಬಿಟ್ಟರೆ ಪೆಟ್ರೋಲ್ ಆವಿ ಗಾಳಿಗೆ ಸೇರುತ್ತದೆ; ಮನೆಯಡಿಯ ಮುಚ್ಚಿದ ಪಾರ್ಕಿಂಗ್‌ನಲ್ಲಿ ಬೆಂಕಿಯ ಅಪಾಯವೂ ಉಂಟು. ಕ್ರಮಬದ್ಧವಾಗಿ, ಅಗ್ಗದ ಭಾಗದಿಂದ ದುಬಾರಿ ಭಾಗದ ಕಡೆಗೆ ಪರೀಕ್ಷಿಸುತ್ತಾ ಹೋಗುವುದೊಂದೇ ಇದಕ್ಕೆ ಸರಿಯಾದ ದಾರಿ.

ಆವಿಗೇಕೆ ಅಂಕುಶ?

ಪೆಟ್ರೋಲ್ ಸಾಮಾನ್ಯ ಉಷ್ಣಾಂಶದಲ್ಲಿಯೇ ಆವಿಯಾಗುವ ದ್ರವ. ಕಾರು ಓಡುವಾಗ ಮಾತ್ರವಲ್ಲ, ಬಿಸಿಲಿನಲ್ಲಿ ಸುಮ್ಮನೆ ನಿಂತಿದ್ದಾಗಲೂ ಟ್ಯಾಂಕಿನೊಳಗೆ ಆವಿ ಹುಟ್ಟುತ್ತಲೇ ಇರುತ್ತದೆ. ಅದನ್ನು ಹಾಗೆಯೇ ಹೊರಬಿಟ್ಟರೆ ಅದರಲ್ಲಿರುವ ಹೈಡ್ರೋಕಾರ್ಬನ್‌ಗಳು ಬಿಸಿಲಿನಲ್ಲಿ ಸಾರಜನಕದ ಆಕ್ಸೈಡುಗಳೊಂದಿಗೆ ವರ್ತಿಸಿ, ನೆಲಮಟ್ಟದಲ್ಲಿ ಓಝೋನ್ ಅನಿಲವನ್ನು ಉಂಟುಮಾಡುತ್ತವೆ. ಇದು ಶ್ವಾಸಕೋಶಕ್ಕೆ ಹಾನಿಕರ. ಪೆಟ್ರೋಲ್ ಆವಿಯಲ್ಲಿರುವ ಬೆಂಜೀನ್ ಮಾನವರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ವರ್ಗೀಕರಿಸಿದೆ.

ಈ ಸಮಸ್ಯೆ ಮೊದಲು ಗಮನ ಸೆಳೆದದ್ದು ಅಮೆರಿಕದ ಲಾಸ್ ಏಂಜಲಿಸ್ ನಗರದಲ್ಲಿ. ಅಲ್ಲಿನ ಕಣ್ಣುರಿ ತರಿಸುವ ಹೊಗೆಮಂಜಿಗೆ ಹೈಡ್ರೋಕಾರ್ಬನ್ ಮತ್ತು ಬಿಸಿಲಿನ ಸಂಯೋಗವೇ ಕಾರಣ ಎಂಬುದನ್ನು ಕ್ಯಾಲಿಫೋರ್ನಿಯಾ ತಂತ್ರಜ್ಞಾನ ಸಂಸ್ಥೆಯ ರಸಾಯನ ವಿಜ್ಞಾನಿ ಆರಿ ಹಾಗೆನ್ ಸ್ಮಿಟ್ 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟರು. ಮುಂದೆ 1970ರ ಮಾದರಿಯ ಕಾರುಗಳಿಗೆ ಕ್ಯಾಲಿಫೋರ್ನಿಯಾದಲ್ಲಿ, 1971ರ ಮಾದರಿಗಳಿಗೆ ಅಮೆರಿಕದಾದ್ಯಂತ ಆವಿ ನಿಯಂತ್ರಣ ಕಡ್ಡಾಯವಾಯಿತು.

ಭಾರತದಲ್ಲಿ 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ನಿಯಮದ ಪ್ರಕಾರ, ಮುಚ್ಚಿದ ಕೋಣೆಯಲ್ಲಿ ನಡೆಸುವ ಪರೀಕ್ಷೆಯಲ್ಲಿ ಪೆಟ್ರೋಲ್ ಕಾರಿನಿಂದ ಹೊರಬರುವ ಆವಿ 2 ಗ್ರಾಂ ಮೀರುವಂತಿಲ್ಲ. ಡೀಸೆಲ್ ಸುಲಭವಾಗಿ ಆವಿಯಾಗದ ಕಾರಣ ಡೀಸೆಲ್ ಕಾರುಗಳಿಗೆ ಈ ವ್ಯವಸ್ಥೆಯ ಅಗತ್ಯವಿಲ್ಲ. ಇತ್ತೀಚಿನ ಪೆಟ್ರೋಲ್ ಸ್ಕೂಟರ್ ಹಾಗೂ ಬೈಕುಗಳಲ್ಲಿಯೂ ಇಂಥದೇ ಪುಟ್ಟ ವ್ಯವಸ್ಥೆಯನ್ನು ಕಾಣಬಹುದು.

ಇದ್ದಿಲಿನ ಡಬ್ಬಿಯ ಕೆಲಸ

ವ್ಯವಸ್ಥೆಯ ಹೃದಯಭಾಗದಲ್ಲಿರುವುದು ‘ಕ್ಯಾನಿಸ್ಟರ್’ ಎಂದು ಕರೆಯಲಾಗುವ ಪ್ಲಾಸ್ಟಿಕ್ ಡಬ್ಬಿ. ಇದರ ತುಂಬ ವಿಶೇಷವಾಗಿ ಸಂಸ್ಕರಿಸಿದ ಇದ್ದಿಲಿನ ಹರಳುಗಳಿರುತ್ತವೆ. ಒಂದು ಗ್ರಾಂ ಇದ್ದಿಲಿನ ಒಳರಂಧ್ರಗಳನ್ನೆಲ್ಲ ಬಿಡಿಸಿ ಹಾಸಿದರೆ ಅದರ ವಿಸ್ತೀರ್ಣ ಸುಮಾರು 1000 ಚದರ ಮೀಟರ್. ಎಂದರೆ 30-40 ಅಳತೆಯ ಸುಮಾರು ಒಂಬತ್ತು ನಿವೇಶನಗಳಷ್ಟು. ಈ ವಿಶಾಲ ಮೇಲ್ಮೈಗೆ ಪೆಟ್ರೋಲ್ ಆವಿ ಅಂಟಿಕೊಳ್ಳುತ್ತದೆ.

ಎಂಜಿನ್ ನಿಂತಿರುವಾಗ ಟ್ಯಾಂಕಿನ ಆವಿ ಕೊಳವೆಯ ಮೂಲಕ ಈ ಡಬ್ಬಿಗೆ ಬರುತ್ತದೆ. ಡಬ್ಬಿಯಿಂದ ಎಂಜಿನ್ನಿಗೆ ಹೋಗುವ ದಾರಿಯಲ್ಲಿ ‘ಪರ್ಜ್ ವಾಲ್ವ್’ ಎಂಬ ವಿದ್ಯುತ್ ಚಾಲಿತ ವಾಲ್ವ್ ಇದೆ. ವಿದ್ಯುತ್ ಇಲ್ಲದಾಗ ಇದು ಮುಚ್ಚಿಕೊಂಡಿರುತ್ತದೆ. ಕಾರು ಓಡುತ್ತಾ ಎಂಜಿನ್ ಬಿಸಿಯಾದ ಮೇಲೆ ಕಾರಿನ ಕಂಪ್ಯೂಟರ್ ಈ ವಾಲ್ವನ್ನು ಅಳತೆಗೆ ತಕ್ಕಷ್ಟು ತೆರೆಯುತ್ತದೆ. ಆಗ ಎಂಜಿನ್ನಿನ ಎಳೆತಕ್ಕೆ ಹೊರಗಿನ ಶುದ್ಧ ಗಾಳಿ ಡಬ್ಬಿಯೊಳಗೆ ನುಗ್ಗಿ, ಇದ್ದಿಲಿಗೆ ಅಂಟಿದ ಆವಿಯನ್ನು ಬಿಡಿಸಿಕೊಂಡು ಎಂಜಿನ್ನಿಗೆ ಒಯ್ಯುತ್ತದೆ. ಅಲ್ಲಿ ಅದು ಇಂಧನವಾಗಿ ಉರಿಯುತ್ತದೆ. ವ್ಯರ್ಥವಾಗಬೇಕಿದ್ದ ಪೆಟ್ರೋಲ್ ಹೀಗೆ ಉಪಯೋಗಕ್ಕೆ ಬರುತ್ತದೆ.

ಡಬ್ಬಿಗೆ ಶುದ್ಧ ಗಾಳಿ ಬರುವ ಬಾಯಿಯಲ್ಲಿ ಕೆಲವು ಕಾರುಗಳಿಗೆ ‘ವೆಂಟ್ ವಾಲ್ವ್’ ಎಂಬ ಇನ್ನೊಂದು ವಾಲ್ವ್ ಇರುತ್ತದೆ. ಇದರ ಸ್ವಭಾವ ಪರ್ಜ್ ವಾಲ್ವಿಗೆ ವಿರುದ್ಧ: ಸಾಮಾನ್ಯವಾಗಿ ತೆರೆದೇ ಇದ್ದು, ಸೋರಿಕೆ ಪರೀಕ್ಷೆಯ ಹೊತ್ತಿನಲ್ಲಿ ಮಾತ್ರ ಮುಚ್ಚಿಕೊಳ್ಳುತ್ತದೆ. ಇಂಥ ಕಾರುಗಳಲ್ಲಿ ಟ್ಯಾಂಕಿನ ಒತ್ತಡವನ್ನು ಅಳೆಯುವ ಸೆನ್ಸರ್ ಕೂಡ ಇರುತ್ತದೆ.

ಅಲ್ಲಿನ ಕಾರು, ಇಲ್ಲಿನ ಕಾರು

ದೋಷ ಪತ್ತೆಯ ವಿಷಯದಲ್ಲಿ ಅಮೆರಿಕದ ಕಾರಿಗೂ ಭಾರತದ ಕಾರಿಗೂ ದೊಡ್ಡ ವ್ಯತ್ಯಾಸವೊಂದಿದೆ. ಅಂತರ್ಜಾಲದಲ್ಲಿ ಸಿಗುವ ಸಲಹೆಗಳಲ್ಲಿ ಬಹುಪಾಲು ಅಮೆರಿಕದ ಕಾರುಗಳಿಗೆ ಸಂಬಂಧಿಸಿದವಾದ್ದರಿಂದ ಇದನ್ನು ತಿಳಿದಿರುವುದು ಅವಶ್ಯಕ.

ಅಮೆರಿಕದಲ್ಲಿ 1996ರ ಮಾದರಿಯಿಂದ ಕಡ್ಡಾಯವಾದ ‘ಓಬಿಡಿ-2’ ನಿಯಮದಂತೆ ಕಾರು ತನ್ನ ಇಂಧನ ವ್ಯವಸ್ಥೆಯ ಸೋರಿಕೆಯನ್ನು ತಾನೇ ಪರೀಕ್ಷಿಸಿಕೊಳ್ಳಬೇಕು. ಆರಂಭದಲ್ಲಿ ಸುಮಾರು 1 ಮಿಲಿಮೀಟರ್ ವ್ಯಾಸದ ರಂಧ್ರವನ್ನು ಪತ್ತೆಹಚ್ಚಿದರೆ ಸಾಕಿತ್ತು. 2000ರ ಮಾದರಿಗಳಿಂದ ಆರಂಭಿಸಿ ಈ ಮಿತಿಯನ್ನು ಸುಮಾರು ಅರ್ಧ ಮಿಲಿಮೀಟರಿಗೆ ಇಳಿಸಲಾಯಿತು. ಅಂದರೆ ಸಪೂರವಾದ ಪೆನ್ಸಿಲ್ ಕಡ್ಡಿಯಷ್ಟು ದಪ್ಪದ ರಂಧ್ರವಿದ್ದರೂ ದೀಪ ಹೊತ್ತಿಕೊಳ್ಳಬೇಕು.

ಭಾರತದ ನಿಯಮ ಯುರೋಪಿನ ಮಾದರಿಯನ್ನು ಅನುಸರಿಸಿದ್ದು, ಪರ್ಜ್ ವಾಲ್ವಿನ ವಿದ್ಯುತ್ ಸಂಪರ್ಕ ಸರಿಯಾಗಿದೆಯೇ ಎಂಬುದರ ಮೇಲೆ ನಿಗಾ ಇಡುವುದನ್ನಷ್ಟೇ ಕನಿಷ್ಠ ಅಗತ್ಯವನ್ನಾಗಿ ಮಾಡಿದೆ. ಹೀಗಾಗಿ ಇಲ್ಲಿನ ಹಲವು ಕಾರುಗಳಲ್ಲಿ ಕೊಳವೆ ಬಿರುಕು ಬಿಟ್ಟು ಆವಿ ಸೋರುತ್ತಿದ್ದರೂ ದೀಪ ಉರಿಯದೇ ಇರಬಹುದು. ವಾಯುಮಾಲಿನ್ಯ ತಪಾಸಣಾ ಕೇಂದ್ರದಲ್ಲಿ ಪರೀಕ್ಷಿಸುವುದು ಸೈಲೆನ್ಸರ್‌ನಿಂದ ಹೊರಬರುವ ಹೊಗೆಯನ್ನು ಮಾತ್ರ. ಟ್ಯಾಂಕಿನ ಆವಿ ಆ ಪ್ರಮಾಣಪತ್ರದ ವ್ಯಾಪ್ತಿಗೆ ಬರುವುದೇ ಇಲ್ಲ. ಹೀಗಾಗಿ ಇಲ್ಲಿನ ಮಾಲೀಕರಿಗೆ ಮೊದಲ ಸೂಚನೆ ದೊರೆಯುವುದು ಬಹುತೇಕ ಮೂಗಿನಿಂದಲೇ.

ಲಕ್ಷಣಗಳೇನು?

ರಾತ್ರಿ ನಿಲ್ಲಿಸಿದ ಕಾರಿನ ಹಿಂಭಾಗದಲ್ಲಿ ಬೆಳಿಗ್ಗೆ ಪೆಟ್ರೋಲ್ ವಾಸನೆ ಬರುತ್ತಿದ್ದರೆ ಸೋರಿಕೆಯ ಶಂಕೆ ಬಲವಾಗುತ್ತದೆ. ಕಾರಿನಡಿ ದ್ರವ ರೂಪದ ಪೆಟ್ರೋಲ್ ತೊಟ್ಟಿಕ್ಕುತ್ತಿದ್ದರೆ ಅದು ಬೇರೆಯೇ ಸಮಸ್ಯೆ. ಅಂಥ ಕಾರನ್ನು ಚಾಲನೆ ಮಾಡದೆ ತಕ್ಷಣ ಗ್ಯಾರೇಜಿನವರನ್ನು ಕರೆಸಬೇಕು.

ಪೆಟ್ರೋಲ್ ಹಾಕಿಸಿದ ಬೆನ್ನಿಗೇ ಎಂಜಿನ್ ಸ್ಟಾರ್ಟ್ ಆಗಲು ಹಟ ಮಾಡಿದರೆ, ಅಥವಾ ಸಿಗ್ನಲ್‌ನಲ್ಲಿ ನಿಂತಾಗ ನಡುಗಿದರೆ, ಪರ್ಜ್ ವಾಲ್ವ್ ಮುಚ್ಚಿಕೊಳ್ಳದೆ ತೆರೆದೇ ಉಳಿದಿರುವ ಸಾಧ್ಯತೆಯಿದೆ. ಟ್ಯಾಂಕ್ ತುಂಬುವಾಗ ಡಬ್ಬಿಯತ್ತ ನುಗ್ಗುವ ಆವಿ ನೇರವಾಗಿ ಎಂಜಿನ್ನಿಗೆ ಹೋಗಿ, ಗಾಳಿ ಹಾಗೂ ಪೆಟ್ರೋಲಿನ ಹದ ಕೆಡುವುದೇ ಇದಕ್ಕೆ ಕಾರಣ.

ಬಂಕಿನಲ್ಲಿ ಟ್ಯಾಂಕ್ ಖಾಲಿಯಿದ್ದರೂ ನಳಿಕೆ ಪದೇ ಪದೇ ‘ಟಕ್’ ಎಂದು ತಾನೇ ನಿಲ್ಲುತ್ತಿದ್ದರೆ, ಅಥವಾ ಮುಚ್ಚಳ ತೆಗೆದಾಗ ಗಾಳಿ ಜೋರಾಗಿ ಒಳಗೆಳೆದುಕೊಂಡ ಸದ್ದಾದರೆ, ಗಾಳಿ ಓಡಾಡುವ ವೆಂಟ್ ದಾರಿ ಮುಚ್ಚಿಹೋಗಿರಬಹುದು.

ಸಂಕೇತದ ಅರ್ಥ

ದೀಪ ಉರಿದಾಗ ಕಾರಿನ ಕಂಪ್ಯೂಟರ್ ಒಂದು ಸಂಕೇತವನ್ನು ದಾಖಲಿಸುತ್ತದೆ. ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ಸ್ಕ್ಯಾನರ್ ಜೋಡಿಸಿ ಅದನ್ನು ಓದಬಹುದು. ಆವಿ ವ್ಯವಸ್ಥೆಗೆ ಸಂಬಂಧಿಸಿದ ಮುಖ್ಯ ಸಂಕೇತಗಳು ಹೀಗಿವೆ:

* ಪಿ 0441: ಪರ್ಜ್ ಹರಿವಿನ ಪ್ರಮಾಣ ಸರಿಯಿಲ್ಲ
* ಪಿ 0442: ಸಣ್ಣ ಸೋರಿಕೆ
* ಪಿ 0443: ಪರ್ಜ್ ವಾಲ್ವಿನ ವಿದ್ಯುತ್ ಮಂಡಲದಲ್ಲಿ ದೋಷ
* ಪಿ 0446: ವೆಂಟ್ ನಿಯಂತ್ರಣ ಮಂಡಲದಲ್ಲಿ ದೋಷ
* ಪಿ 0452, ಪಿ 0453: ಟ್ಯಾಂಕಿನ ಒತ್ತಡ ಅಳೆಯುವ ಸೆನ್ಸರ್‌ನ ಸಂಕೇತ ತೀರಾ ಕಡಿಮೆ ಅಥವಾ ತೀರಾ ಹೆಚ್ಚು
* ಪಿ 0455: ದೊಡ್ಡ ಸೋರಿಕೆ
* ಪಿ 0456: ಅತಿ ಸಣ್ಣ ಸೋರಿಕೆ
* ಪಿ 0457: ಮುಚ್ಚಳ ಸಡಿಲ ಅಥವಾ ಇಲ್ಲದಿರುವುದು
* ಪಿ 0496: ಬೇಡವಾದ ಹೊತ್ತಿನಲ್ಲೂ ಪರ್ಜ್ ಹರಿವು

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಈ ಸಂಕೇತಗಳು ದೋಷದ ಸ್ವರೂಪವನ್ನು ಹೇಳುತ್ತವೆಯೇ ಹೊರತು ಬದಲಿಸಬೇಕಾದ ಬಿಡಿಭಾಗವನ್ನಲ್ಲ. ‘ದೊಡ್ಡ ಸೋರಿಕೆ’ ಎಂಬ ಸಂಕೇತಕ್ಕೆ ಕಳಚಿದ ಕೊಳವೆ, ತೆರೆದೇ ಉಳಿದ ವಾಲ್ವ್, ಸೀಳಿದ ಡಬ್ಬಿ ಅಥವಾ ಮುಚ್ಚಳ - ಯಾವುದೂ ಕಾರಣವಾಗಿರಬಹುದು. ಪಿ 0443 ಎಂದ ಮಾತ್ರಕ್ಕೆ ವಾಲ್ವೇ ಕೆಟ್ಟಿರಬೇಕಿಲ್ಲ. ಇಲಿ ಕಡಿದ ತಂತಿ, ತುಕ್ಕು ಹಿಡಿದ ಕನೆಕ್ಟರ್ ಅಥವಾ ಹೋದ ಫ್ಯೂಸ್ ಕೂಡ ಅದೇ ಸಂಕೇತವನ್ನು ಮೂಡಿಸುತ್ತದೆ.

ಸಂಕೇತ ಓದಿದೊಡನೆ ಅದನ್ನು ಅಳಿಸಿಹಾಕುವುದು ಗ್ಯಾರೇಜುಗಳಲ್ಲಿ ಕಂಡುಬರುವ ತಪ್ಪು ಕ್ರಮ. ದೋಷ ಕಾಣಿಸಿದ ಕ್ಷಣದಲ್ಲಿ ಎಂಜಿನ್ನಿನ ಉಷ್ಣಾಂಶ, ವೇಗ ಮುಂತಾದ ವಿವರಗಳೂ ಅದರೊಂದಿಗೆ ದಾಖಲಾಗಿರುತ್ತವೆ. ಅವುಗಳನ್ನು ಮೊದಲು ಬರೆದಿಟ್ಟುಕೊಳ್ಳುವುದು ಸೂಕ್ತ.

ಪತ್ತೆ ಕಾರ್ಯ: ಅಗ್ಗದಿಂದ ದುಬಾರಿಯೆಡೆಗೆ

ಮುಚ್ಚಳ: ಮೊದಲ ಪರೀಕ್ಷೆ ಇದರದೇ. ಮುಚ್ಚಳದ ಒಳಭಾಗದ ರಬ್ಬರ್ ಉಂಗುರ ಸೀಳಿದೆಯೇ, ಗಟ್ಟಿಯಾಗಿದೆಯೇ, ಧೂಳು ಮೆತ್ತಿದೆಯೇ ಎಂದು ನೋಡಬೇಕು. ಟ್ಯಾಂಕಿನ ಬಾಯಿಯ ಅಂಚಿನಲ್ಲಿ ತುಕ್ಕು ಅಥವಾ ತಗ್ಗು ಇದ್ದರೂ ಮುಚ್ಚಳ ಬಿಗಿಯಾಗಿ ಕೂರದು. ‘ಕಟಕಟ’ ಸದ್ದು ಬರುವ ಮುಚ್ಚಳವಾಗಿದ್ದರೆ ಆ ಸದ್ದು ಬರುವವರೆಗೂ ತಿರುಗಿಸಬೇಕು. ಬದಲಿಸುವುದಾದರೆ ಅದೇ ಮಾದರಿಗೆ ಹೊಂದುವ ಮುಚ್ಚಳವೇ ಬೇಕು.

ಕೊಳವೆಗಳು: ಎಂಜಿನ್ ತಣ್ಣಗಿರುವಾಗ ಬಾನೆಟ್ ಒಳಗಿನ ಹಾಗೂ ಕಾರಿನಡಿಯ ಕೊಳವೆಗಳನ್ನು ಬೆಳಕು ಹಿಡಿದು ಪರೀಕ್ಷಿಸಬೇಕು. ಬಿಸಿಗೆ ಗಟ್ಟಿಯಾಗಿ ಒಡೆದ ರಬ್ಬರ್, ಇಲಿ ಕಡಿತ, ಕಲ್ಲು ಬಡಿದ ಗುರುತು, ಸಡಿಲವಾದ ಜೋಡಣೆ - ಇವೆಲ್ಲ ಕಣ್ಣಿಗೆ ಕಾಣುವ ದೋಷಗಳು. ಇದಕ್ಕೆ ಖರ್ಚಾಗುವುದು ಸಮಯ ಮಾತ್ರ.

ಪರ್ಜ್ ವಾಲ್ವ್: ಎಂಜಿನ್ ನಿಂತಿರುವಾಗಲೇ ವಾಲ್ವಿನ ವಿದ್ಯುತ್ ಕನೆಕ್ಟರನ್ನು ಬಿಡಿಸಿ, ಡಬ್ಬಿಯ ಕಡೆಯಿಂದ ಬರುವ ಕೊಳವೆಯನ್ನು ವಾಲ್ವಿನಿಂದ ಕಳಚಬೇಕು. ನಂತರ ಎಂಜಿನ್ ಚಾಲೂ ಮಾಡಿ, ವಾಲ್ವಿನ ಆ ಬಾಯಿಗೆ ಬೆರಳಿಟ್ಟು ನೋಡಬೇಕು. ವಿದ್ಯುತ್ ಇಲ್ಲದ ವಾಲ್ವ್ ಮುಚ್ಚಿರಬೇಕಾದ್ದರಿಂದ ಬೆರಳಿಗೆ ಎಳೆತ ತಾಗಬಾರದು. ತಾಗಿದರೆ ವಾಲ್ವ್ ಒಳಗೇ ಸೋರುತ್ತಿದೆ ಎಂದರ್ಥ. ಎಳೆತ ಇಲ್ಲದಿದ್ದರೆ ಮುಂದಿನ ಹಂತವಾಗಿ ಮಲ್ಟಿಮೀಟರಿನಿಂದ ಸುರುಳಿಯ ರೋಧವನ್ನು ಅಳೆದು, ಆ ಮಾದರಿಯ ದುರಸ್ತಿ ಕೈಪಿಡಿಯಲ್ಲಿರುವ ಅಳತೆಯೊಂದಿಗೆ ಹೋಲಿಸಬೇಕು. ವಾಲ್ವನ್ನು ಹೊರತೆಗೆದು ಬ್ಯಾಟರಿಯ ವಿದ್ಯುತ್ ಕೊಟ್ಟಾಗ ‘ಟಕ್’ ಎಂದು ತೆರೆದು ಗಾಳಿ ಬಿಡಬೇಕು, ವಿದ್ಯುತ್ ತೆಗೆದಾಗ ಮುಚ್ಚಬೇಕು. ಎಂಜಿನ್ ಓಡುವಾಗ ಫ್ಯಾನ್ ಮತ್ತು ಬೆಲ್ಟಿನಿಂದ ಕೈ ಹಾಗೂ ಬಟ್ಟೆಯನ್ನು ದೂರವಿರಿಸುವುದು ಮುಖ್ಯ. ಕನೆಕ್ಟರ್ ಬಿಡಿಸಿದ್ದಕ್ಕೆ ಹೊಸ ಸಂಕೇತವೊಂದು ದಾಖಲಾಗಬಹುದು. ಅದನ್ನು ಕೊನೆಯಲ್ಲಿ ಅಳಿಸಿದರಾಯಿತು.

ವೆಂಟ್ ವಾಲ್ವ್ ಮತ್ತು ಫಿಲ್ಟರ್: ಇವು ಸಾಮಾನ್ಯವಾಗಿ ಕಾರಿನ ಹಿಂಭಾಗದಲ್ಲಿ, ಟ್ಯಾಂಕಿನ ಸಮೀಪ ಇರುತ್ತವೆ. ಕೆಸರು, ಧೂಳು ಸೇರಿಕೊಳ್ಳಲು ಇದು ಹೇಳಿ ಮಾಡಿಸಿದ ಜಾಗ. ಮಣ್ಣಿನ ರಸ್ತೆಗಳಲ್ಲಿ ಹೆಚ್ಚು ಓಡಾಡುವ ಕಾರುಗಳಲ್ಲಿ ಇದನ್ನು ಮರೆಯದೆ ನೋಡಬೇಕು.

ಹೊಗೆ ಪರೀಕ್ಷೆ: ಮೇಲಿನ ಯಾವುದರಲ್ಲೂ ದೋಷ ಸಿಗದಿದ್ದರೆ ಹೊಗೆ ಯಂತ್ರದ ನೆರವು ಬೇಕಾಗುತ್ತದೆ. ಖನಿಜ ತೈಲದಿಂದ ಉಂಟುಮಾಡಿದ ಹೊಗೆಯನ್ನು ವ್ಯವಸ್ಥೆಯೊಳಗೆ ತುಂಬಿದಾಗ ಬಿರುಕಿರುವ ಜಾಗದಿಂದ ಅದು ಎಳೆಯಾಗಿ ಹೊರಬರುತ್ತದೆ. ಇಲ್ಲಿ ಒತ್ತಡ ಸುಮಾರು ಅರ್ಧ ಪಿಎಸ್‌ಐ ಮಾತ್ರ ಇರಬೇಕು. ಕಾರಿನ ಟೈರಿಗೆ 30 ಪಿಎಸ್‌ಐಗೂ ಹೆಚ್ಚು ಗಾಳಿ ತುಂಬುವುದನ್ನು ನೆನೆದರೆ ಇದು ಎಷ್ಟು ಅಲ್ಪ ಎಂಬುದು ತಿಳಿಯುತ್ತದೆ. ಗ್ಯಾರೇಜಿನ ಕಂಪ್ರೆಸರ್‌ನಿಂದ ನೇರವಾಗಿ ಗಾಳಿ ಬಿಟ್ಟರೆ ಟ್ಯಾಂಕ್, ಸೆನ್ಸರ್‌ಗಳಿಗೆ ಹಾನಿಯಾಗುವುದಲ್ಲದೆ ಸ್ಫೋಟಕ ಮಿಶ್ರಣವೂ ಉಂಟಾಗಬಹುದು. ಆದ್ದರಿಂದಲೇ ಹೊಗೆಯನ್ನು ಸಾರಜನಕದಂಥ ಜಡ ಅನಿಲದೊಂದಿಗೆ ಹಾಯಿಸುವುದು ಹೆಚ್ಚು ಸುರಕ್ಷಿತ.

ಕ್ಯಾನಿಸ್ಟರ್: ಎಲ್ಲಕ್ಕಿಂತ ದುಬಾರಿಯಾದ ಈ ಭಾಗದ ಸರದಿ ಕೊನೆಯದು. ಡಬ್ಬಿ ಸೀಳಿದ್ದರೆ, ಒಳಗೆ ದ್ರವ ಪೆಟ್ರೋಲ್ ತುಂಬಿ ಭಾರವಾಗಿದ್ದರೆ, ಅಥವಾ ಕೊಳವೆಯಲ್ಲಿ ಕಪ್ಪು ಹರಳುಗಳು ಕಂಡರೆ ಬದಲಿಸುವುದು ಅನಿವಾರ್ಯ. ಹರಳು ಹೊರಬಂದಿದ್ದರೆ ಡಬ್ಬಿ ಬದಲಿಸಿದರಷ್ಟೇ ಸಾಲದು. ಕೊಳವೆಗಳನ್ನು ಶುಚಿಗೊಳಿಸಿ, ಪರ್ಜ್ ವಾಲ್ವನ್ನೂ ಪರೀಕ್ಷಿಸಬೇಕು. ಇಲ್ಲವಾದರೆ ಉಳಿದ ಹರಳುಗಳು ವಾಲ್ವಿನ ಬಾಯಲ್ಲಿ ಸಿಕ್ಕಿ, ಅದೇ ದೋಷ ಮರುಕಳಿಸುತ್ತದೆ.

ಜೇಡ ತಂದ ಅವಾಂತರ

ವೆಂಟ್ ದಾರಿ ಮುಚ್ಚಿಹೋದರೆ ಏನಾಗಬಹುದು ಎಂಬುದಕ್ಕೆ ಮಜ್ದಾ ಕಂಪನಿಯ ಉದಾಹರಣೆ ಪ್ರಸಿದ್ಧ. ಪೆಟ್ರೋಲ್ ವಾಸನೆಗೆ ಆಕರ್ಷಿತವಾಗುವ ಒಂದು ಜಾತಿಯ ಹಳದಿ ಜೇಡ ‘ಮಜ್ದಾ 6’ ಕಾರುಗಳ ವೆಂಟ್ ಕೊಳವೆಯಲ್ಲಿ ಬಲೆ ನೇಯುತ್ತಿದ್ದುದು ಅಮೆರಿಕದಲ್ಲಿ ಬೆಳಕಿಗೆ ಬಂತು. ಗಾಳಿ ಒಳಬರಲು ದಾರಿಯಿಲ್ಲದಿದ್ದಾಗ ಟ್ಯಾಂಕಿನೊಳಗೆ ನಿರ್ವಾತ ಹೆಚ್ಚುತ್ತದೆ. ಇದರಿಂದ ಟ್ಯಾಂಕ್ ಬಿರುಕು ಬಿಟ್ಟು ಪೆಟ್ರೋಲ್ ಸೋರುವ, ಬೆಂಕಿ ಹೊತ್ತಿಕೊಳ್ಳುವ ಅಪಾಯವಿದೆ ಎಂಬ ಕಾರಣಕ್ಕೆ ಕಂಪನಿ 2011ರಲ್ಲಿ ಅಮೆರಿಕದ 50 ಸಾವಿರಕ್ಕೂ ಹೆಚ್ಚು ಕಾರುಗಳನ್ನು ವಾಪಸು ಕರೆಸಿಕೊಂಡಿತು. ಸಮಸ್ಯೆ ಅಲ್ಲಿಗೇ ಮುಗಿಯದೆ, 2014ರಲ್ಲಿ ಇನ್ನೂ ಸುಮಾರು 42 ಸಾವಿರ ಕಾರುಗಳನ್ನು ಕರೆಸಬೇಕಾಯಿತು.

‘ರೌಂಡ್ ಫಿಗರ್’ ಮಾಡುವ ಹಾನಿ

ಕರ್ನಾಟಕದ ಬಂಕುಗಳಲ್ಲಿ ನಿತ್ಯ ಕಾಣುವ ದೃಶ್ಯವೊಂದಿದೆ. ಟ್ಯಾಂಕ್ ತುಂಬಿ ನಳಿಕೆ ತಾನಾಗಿಯೇ ನಿಂತ ಮೇಲೂ ‘ರೌಂಡ್ ಫಿಗರ್ ಮಾಡಿಬಿಡಿ’ ಎಂಬ ಮಾತು ಗ್ರಾಹಕರಿಂದಲೋ ಸಿಬ್ಬಂದಿಯಿಂದಲೋ ಬರುತ್ತದೆ. ಚಿಲ್ಲರೆಯ ತಾಪತ್ರಯ ತಪ್ಪಿಸಲು ಇನ್ನಷ್ಟು ಪೆಟ್ರೋಲನ್ನು ಒತ್ತಿ ಒತ್ತಿ ತುಂಬಲಾಗುತ್ತದೆ.

ಆದರೆ ಟ್ಯಾಂಕಿನ ಮೇಲ್ಭಾಗದಲ್ಲಿ ಖಾಲಿ ಜಾಗ ಬಿಟ್ಟಿರುವುದೇ ಆವಿ ಹಿಗ್ಗಲೆಂದು. ಅಲ್ಲಿಗೂ ಪೆಟ್ರೋಲ್ ತುಂಬಿದರೆ ಆವಿಯ ಬದಲು ದ್ರವವೇ ಕೊಳವೆ ಹಿಡಿದು ಇದ್ದಿಲಿನ ಡಬ್ಬಿ ಸೇರಬಹುದು. ಒಮ್ಮೆ ದ್ರವದಲ್ಲಿ ನೆನೆದ ಇದ್ದಿಲು ಆವಿ ಹೀರುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಕೆಲವೇ ರೂಪಾಯಿಗಳ ಲೆಕ್ಕ ಸರಿಮಾಡಲು ಹೋಗಿ ಹಲವು ಸಾವಿರ ರೂಪಾಯಿಯ ಬಿಡಿಭಾಗವನ್ನು ಕೆಡಿಸಿಕೊಂಡಂತಾಗುತ್ತದೆ. ಡಿಜಿಟಲ್ ಪಾವತಿ ಮನೆಮಾತಾಗಿರುವ ಈ ದಿನಗಳಲ್ಲಿ ಪೈಸೆ ಲೆಕ್ಕದ ಮೊತ್ತವನ್ನೂ ಪಾವತಿಸಬಹುದಾದ್ದರಿಂದ ಈ ಅಭ್ಯಾಸಕ್ಕೆ ಕಾರಣವೇ ಉಳಿದಿಲ್ಲ. ನಳಿಕೆ ಮೊದಲ ಬಾರಿ ನಿಂತೊಡನೆ ಸಾಕೆನ್ನುವುದು ಒಳಿತು.

ದುರಸ್ತಿಯ ನಂತರ

ಬಿಡಿಭಾಗ ಬದಲಿಸಿದ ಮೇಲೆ ಸಂಕೇತ ಅಳಿಸಿದರೆ ದೀಪ ಆರುತ್ತದೆ. ಆದರೆ ದೀಪ ಆರಿದ್ದೇ ದುರಸ್ತಿಗೆ ಸಾಕ್ಷಿಯಲ್ಲ. ಕಾರಿನ ಕಂಪ್ಯೂಟರ್ ಮತ್ತೊಮ್ಮೆ ಪರೀಕ್ಷೆ ನಡೆಸಿ ಉತ್ತೀರ್ಣ ಎಂದು ದಾಖಲಿಸಬೇಕು. ಸೋರಿಕೆ ಪರೀಕ್ಷೆಯಿರುವ ಕಾರುಗಳಲ್ಲಿ ಇದಕ್ಕೆ ತಣ್ಣಗಿನ ಎಂಜಿನ್, ಅತಿ ಬಿಸಿ ಅಥವಾ ಅತಿ ಚಳಿ ಇಲ್ಲದ ಹವೆ ಬೇಕು. ಟ್ಯಾಂಕ್ ತೀರಾ ಖಾಲಿಯೂ ತೀರಾ ಭರ್ತಿಯೂ ಆಗಿರಬಾರದು. ಹೆಚ್ಚಿನ ಮಾದರಿಗಳಲ್ಲಿ ಶೇ 15ರಿಂದ ಶೇ 85ರ ನಡುವೆ ಪೆಟ್ರೋಲ್ ಇದ್ದರೆ ಮಾತ್ರ ಪರೀಕ್ಷೆ ನಡೆಯುತ್ತದೆ. ಸಾಮಾನ್ಯವಾಗಿ ಸತತ ಎರಡು ಓಡಾಟಗಳಲ್ಲಿ ದೋಷ ಕಂಡರೆ ದೀಪ ಹೊತ್ತಿಕೊಳ್ಳುತ್ತದೆ. ಸತತ ಮೂರು ಬಾರಿ ಎಲ್ಲ ಸರಿಯಿದ್ದರೆ ತಾನಾಗಿಯೇ ಆರುತ್ತದೆ. ಮುಚ್ಚಳ ಬಿಗಿಗೊಳಿಸಿದ ತಕ್ಷಣವೇ ದೀಪ ಆರದಿರುವುದು ಈ ಕಾರಣದಿಂದ.

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರು ಅನೇಕ ರಾಜ್ಯಗಳಲ್ಲಿ ಈ ದೀಪ ಉರಿಯುತ್ತಿರುವಾಗ ಮಾಲಿನ್ಯ ತಪಾಸಣೆಯಲ್ಲಿ ಉತ್ತೀರ್ಣರಾಗಲಾರರು. ತಪಾಸಣೆಯ ಹಿಂದಿನ ದಿನ ಸಂಕೇತ ಅಳಿಸಿಕೊಂಡು ಹೋದರೂ ಪ್ರಯೋಜನವಿಲ್ಲ. ಸ್ವಯಂ ಪರೀಕ್ಷೆಗಳು ಪೂರ್ಣಗೊಂಡಿಲ್ಲ ಎಂಬುದು ತಪಾಸಣಾ ಯಂತ್ರಕ್ಕೆ ತಿಳಿದುಬಿಡುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 2000ನೇ ಇಸವಿ ಹಾಗೂ ನಂತರದ ಪೆಟ್ರೋಲ್ ಕಾರುಗಳಿಗೆ ಆವಿ ವ್ಯವಸ್ಥೆಯ ಪರೀಕ್ಷೆಯೊಂದನ್ನು ಬಿಟ್ಟು ಉಳಿದವೆಲ್ಲ ಪೂರ್ಣಗೊಂಡಿರಬೇಕು.

ಎಚ್ಚರಿಕೆ ಅಗತ್ಯ

ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಅದು ನೆಲದ ಮಟ್ಟದಲ್ಲೇ ಹರಡಿ, ದೂರದ ಕಿಡಿಯಿಂದಲೂ ಹೊತ್ತಿಕೊಳ್ಳಬಲ್ಲದು. ಆದ್ದರಿಂದ ಈ ಕೆಲಸವನ್ನು ಗಾಳಿಯಾಡುವ ತೆರೆದ ಜಾಗದಲ್ಲಿಯೇ ಮಾಡಬೇಕು. ಬೀಡಿ, ಸಿಗರೇಟು, ಲೈಟರ್ ಹತ್ತಿರ ಸುಳಿಯಬಾರದು. ಬೆಂಕಿ ನಂದಿಸುವ ಸಾಧನ ಕೈಗೆಟಕುವಂತಿರಬೇಕು. ಕೊಳವೆಗೆ ಬಾಯಿಟ್ಟು ಊದುವುದು ಅಥವಾ ಎಳೆಯುವುದು ಸರ್ವಥಾ ಸಲ್ಲದು. ಮುಚ್ಚಳ, ಮೇಲಿನ ಕೊಳವೆಗಳು ಹಾಗೂ ಸುಲಭವಾಗಿ ಕೈಗೆ ಸಿಗುವ ಪರ್ಜ್ ವಾಲ್ವ್ ಪರೀಕ್ಷೆಯನ್ನು ತಿಳಿವಳಿಕೆಯುಳ್ಳ ಮಾಲೀಕರು ಮಾಡಬಹುದು. ಟ್ಯಾಂಕ್ ಇಳಿಸುವ ಕೆಲಸವನ್ನು ನುರಿತವರಿಗೇ ಬಿಡುವುದು ಕ್ಷೇಮ. ವಾರಂಟಿ ಅವಧಿಯೊಳಗಿನ ಕಾರಾದರೆ ಯಾವುದನ್ನೂ ಬಿಚ್ಚದೆ ಕಂಪನಿಯ ಸರ್ವಿಸ್ ಕೇಂದ್ರಕ್ಕೆ ಒಯ್ಯಬೇಕು.

ಗ್ಯಾರೇಜಿನಲ್ಲಿ ‘ಕ್ಯಾನಿಸ್ಟರ್ ಹೋಗಿದೆ, ಬದಲಿಸಬೇಕು’ ಎಂಬ ಉತ್ತರ ಬಂದಾಗ ಮಾಲೀಕರು ಮೂರು ಪ್ರಶ್ನೆಗಳನ್ನು ಕೇಳುವುದು ಒಳ್ಳೆಯದು: ದಾಖಲಾದ ಸಂಕೇತ ಯಾವುದು? ಮುಚ್ಚಳ, ಕೊಳವೆ ಮತ್ತು ಪರ್ಜ್ ವಾಲ್ವನ್ನು ಪರೀಕ್ಷಿಸಲಾಗಿದೆಯೇ? ಡಬ್ಬಿಯೇ ಕೆಟ್ಟಿದೆ ಎಂದು ತೀರ್ಮಾನಿಸಿದ್ದು ಯಾವ ಪರೀಕ್ಷೆಯಿಂದ? ಇವಕ್ಕೆ ಸ್ಪಷ್ಟ ಉತ್ತರ ದೊರೆತರೆ ಕೆಲಸ ಒಪ್ಪಿಸಬಹುದು, ಹಳೆಯ ಬಿಡಿಭಾಗವನ್ನು ಕೇಳಿ ಪಡೆಯಬಹುದು. ಉತ್ತರ ದೊರೆಯದಿದ್ದರೆ ಹಣ ತೆರುವ ಮುನ್ನ ಇನ್ನೊಂದು ಗ್ಯಾರೇಜಿನ ಅಭಿಪ್ರಾಯ ಪಡೆಯುವುದೇ ಲೇಸು.